ಬಾಯಮ್ಮನ ಚಿಕ್ಕ ಮಾಪು

ಬಾಯಮ್ಮ ನಡೆಯುವಾಗ ಅವರ ಎರಡೂ ಮೊಣಕೈಗಳು ಬದಿಗೆ ಚಾಚಿಕೊಂಡಿರುತ್ತಿದ್ದವು, ಎರಡು ಸೊಂಟದಲ್ಲೂ ಒಂದೊಂದು ಕೊಡ ಇಟ್ಟುಕೊಂಡವರ ಹಾಗೆ. ಮೊಣಕೈಯ ಚರ್ಮ ಕಪ್ಪಗೆ, ಹುಣಸೆ ಬೀಜದ ಹಾಗೆ ಮಿರುಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಕುವೈತಿನ ಮಂಗಫಿನಲ್ಲಿರುವ ನಮ್ಮ ಬೀದಿಯಲ್ಲಿ ಬಿಸಿಲಿಗೆ ಒಂದು ಬೆಕ್ಕೂ ತಲೆ ಹಾಕುವುದಿಲ್ಲ. ಆ ಖಾಲಿ ಬೀದಿಯಲ್ಲೂ ಅವರು ಜನರನ್ನು ಸರಿಸುತ್ತ ಬರುವವರ ಹಾಗೆ ಬರುತ್ತಿದ್ದರು. ಲಿಫ್ಟಿನಲ್ಲಿ ಅವರ ಪಕ್ಕ ನಿಂತರೆ ಪಕ್ಕೆಗೊಂದು ತಿವಿತ ಗ್ಯಾರಂಟಿ. ಯಾಕೆ ಬಾಯಮ್ಮ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಇದು ಇಂಗ್ಲೆಂಡಿನಲ್ಲಿ ಕಲಿತದ್ದು, ಅಲ್ಲಿಯ ಜಾತ್ರೆಯಲ್ಲಿ ಮೊಣಕೈ ಇಲ್ಲದವರಿಗೆ ದಾರಿಯೂ ಇಲ್ಲ ಎಂದರು.

ನನಗೆ ನಗು ಬಂತು. ನಮ್ಮ ಅತ್ತೂರಿನ ಇಗರ್ಜಿ ಹಬ್ಬದ ಸಂತೆ ಎಂದಿದ್ದರೆ ನಂಬುತ್ತಿದ್ದೆನೋ ಏನೋ. ಬಾಯಮ್ಮ ಎಂದರೆ ನಮ್ಮ ಕರಾವಳಿಯ, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚನ್ ಹೆಂಗಸು. ಅಂಥವರನ್ನು ಊರಿನ ಉಳಿದವರೆಲ್ಲ ಬಾಯಮ್ಮ ಎಂದೇ ಕರೆಯುವುದು, ಹೆಸರು ಹಿಡಿಯುವ ಪದ್ಧತಿ ಇಲ್ಲ. ಈ ಬಾಯಮ್ಮ ನನ್ನ ಹೆಂಡತಿಯ ತವರಿನ ಪಕ್ಕದ ಊರಿನವರು. ಇಲ್ಲಿ ಒಂದು ಕುವೈತಿ ಮನೆಯಲ್ಲಿ ಅಡುಗೆಗೆ ಇದ್ದರು. ಶುಕ್ರವಾರ ರಜೆ. ಇಗರ್ಜಿಗೆ ಹೋಗಿ ಅಲ್ಲಿಂದ ನೇರ ನಮ್ಮ ಮನೆಗೆ. ಬಂದ ಕೂಡಲೇ ನನ್ನ ಹೆಂಡತಿಯನ್ನು ಅಡುಗೆಮನೆಯಿಂದ ಹೊರಗೆ ಹಾಕುತ್ತಿದ್ದರು. ವಾರವಿಡೀ ಒಲೆಯ ಮುಂದೆ ಬೆಂದವರು ರಜೆಯ ದಿನವೂ ಒಲೆಯ ಮುಂದೆ ಯಾಕೆ ಎಂದು ಕೇಳಿದರೆ, "ಅಲ್ಲಿ ಮಾಡುವುದು ಕೆಲಸ, ಇಲ್ಲಿ ಮಾಡುವುದು ಅಡುಗೆ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಪುತಾ, ಕೊಂಕಣಿಯಲ್ಲಿ ಮಗನೇ, ಎಂದು.

ಇಂಗ್ಲೆಂಡಿನ ಮಾತು ಸುಳ್ಳಾಗಿರಲಿಲ್ಲ. ಬಾಯಮ್ಮ ಮೊದಲು ಕುವೈತಿಗೆ ಬಂದದ್ದು ಅಹ್ಮದಿ ಎಂಬ ಊರಿಗೆ, ತೈಲ ಕಂಪನಿಯ ಬಂಗಲೆಯಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರರ ಮನೆಗೆ. ಆ ಇಂಜಿನಿಯರರು ಅಕ್ಟೋಬರಿನಲ್ಲಿ ರಜೆ ಹಾಕಿ ತಮ್ಮ ಊರಿಗೆ ಹೋಗುವಾಗ, ಅಲ್ಲಿದ್ದ ಮುದುಕಿ ತಾಯಿಯನ್ನು ನೋಡಿಕೊಳ್ಳಲಿಕ್ಕೆಂದು ಬಾಯಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದರು. ಲಂಡನ್ ಅಲ್ಲ, ಅಂಥ ದೊಡ್ಡ ಊರೇನೂ ಅಲ್ಲ. ವಾರಕ್ಕೊಂದು ಸಂತೆ ನಡೆಯುವ, ಒಂದೇ ಒಂದು ದೊಡ್ಡ ಬೀದಿ ಇರುವ ಹಳೆಯ ಪೇಟೆ. ವರ್ಷಕ್ಕೊಮ್ಮೆ, ಅದೇ ಅಕ್ಟೋಬರಿನಲ್ಲಿ, ಆ ಬೀದಿಯಲ್ಲಿ ಜಾತ್ರೆ.

ಬೀದಿಯಲ್ಲಿ ಎನ್ನುವುದನ್ನು ಬಾಯಮ್ಮ ಒತ್ತಿ ಹೇಳುತ್ತಿದ್ದರು. ಮೈದಾನದಲ್ಲಿ ಅಲ್ಲ, ಇಗರ್ಜಿಯ ಅಂಗಳದಲ್ಲಿ ಅಲ್ಲ, ನಡುಬೀದಿಯಲ್ಲಿ. ಬೆಳಿಗ್ಗೆ ಎದ್ದು ನೋಡಿದರೆ ಕಾರುಗಳೆಲ್ಲ ಮಾಯ. ದೊಡ್ಡ ದೊಡ್ಡ ಲಾರಿಗಳು ಬಂದು ತಿರುಗುವ ಕುದುರೆ, ತಿರುಗುವ ಬೋಗುಣಿ, ಆಕಾಶಕ್ಕೆ ಎಸೆಯುವ ತೊಟ್ಟಿಲು ಎಲ್ಲವನ್ನೂ ಬೀದಿಯಲ್ಲೇ ಇಳಿಸುತ್ತವೆ. ತೊಟ್ಟಿಲಲ್ಲಿ ಕೂತರೆ ಬ್ಯಾಂಕಿನ ಮಹಡಿಯ ಕಿಟಕಿ ಕೈಗೆ ಸಿಗುವ ಹಾಗಿರುತ್ತದೆ, ಒಳಗೆ ಕ್ಲಾರ್ಕು ಚಾ ಕುಡಿಯುವುದು ಕಾಣುತ್ತದೆ. ಔಷಧಿ ಅಂಗಡಿಗೆ ಹೋಗಬೇಕಾದರೆ ಗುಂಡು ಹೊಡೆಯುವ ಆಟದವನ ಬೆನ್ನ ಹಿಂದೆ ನುಸುಳಬೇಕು. ಡೀಸೆಲ್ ಹೊಗೆ, ಹುರಿದ ನೀರುಳ್ಳಿ, ಸಕ್ಕರೆ ಕಾಯಿಸಿದ ವಾಸನೆ. ಒಂದು ಕಡೆ ಇಡೀ ಹಂದಿಯನ್ನು ಕೋಲಿಗೆ ಚುಚ್ಚಿ ಸುಡುತ್ತಾರೆ. ಅದೊಂದು ವಿಷಯದಲ್ಲಿ ಮಾತ್ರ ಬಾಯಮ್ಮ ಆ ಊರನ್ನು ಕ್ಷಮಿಸಿರಲಿಲ್ಲ. "ಅಷ್ಟು ಒಳ್ಳೆಯ ಮಾಂಸ, ಒಂದು ಚಿಟಿಕೆ ನಮ್ಮ ಬಫಾತ್ ಮಸಾಲೆ ಹುಡಿ ಇಲ್ಲ ಪುತಾ. ಉಪ್ಪು ಹಾಕಿ ಸುಡುವುದು, ಬ್ರೆಡ್ಡಿನಲ್ಲಿಟ್ಟು ಕೊಡುವುದು. ಹಂದಿ ಸತ್ತದ್ದೂ ದಂಡ."

ಇದನ್ನು ಅವರು ಹೇಳಿದ್ದು ನಮ್ಮ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ. ಆ ಹೋಟೆಲು ನಮ್ಮ ಜಿಲ್ಲೆಯ ಬ್ಯಾರಿ ಮುಸಲ್ಮಾನರೊಬ್ಬರದ್ದು, ನಾವೆಲ್ಲ ಕಾಕ ಎನ್ನುತ್ತೇವೆ. ಕಾಕ ಗಲ್ಲಾದಲ್ಲಿ ಕೂತಲ್ಲೇ ಕಿವಿ ಮುಚ್ಚಿಕೊಂಡು, "ಬಾಯಮ್ಮ, ನನ್ನ ಹೋಟೆಲಿನಲ್ಲಿ ಆ ಪ್ರಾಣಿಯ ಹೆಸರಿಗೂ ಜಾಗ ಇಲ್ಲ, ಬೇಕಾದರೆ ಹೊರಗೆ ಬೀದಿಯಲ್ಲಿ ನಿಂತು ಹೇಳಿ" ಎಂದರು. "ಅದಕ್ಕೇ ಹೇಳಿದ್ದು ಕಾಕ, ಎಲ್ಲದಕ್ಕೂ ಒಂದು ಬೀದಿ ಬೇಕು ಅಂತ," ಎಂದು ಬಾಯಮ್ಮ ಚಾ ಲೋಟ ಎತ್ತಿದರು.

ಆ ಜಾತ್ರೆಗೆ ಅಲ್ಲಿಯವರು ಮಾಪು ಎನ್ನುತ್ತಾರೆ. ನೆಲ ಒರೆಸುವ ಮಾಪು ಉಂಟಲ್ಲ, ಅದೇ ಮಾಪು. ಬಾಯಮ್ಮ ಮೊದಲ ವರ್ಷ ಆ ಹೆಸರು ಕೇಳಿ, ಇದು ಮಾಪು ಮಾರುವ ಜಾತ್ರೆ ಎಂದುಕೊಂಡರು. ಮುದುಕಿ ಮೇಡಮ್ಮಿನ ಮನೆಯ ಮಾಪು ಹೇಗೂ ಸವೆದುಹೋಗಿತ್ತು. ಸರಿ, ಹೊಸದೊಂದು ತರುತ್ತೇನೆ ಎಂದು ಹೊರಟು, ಜಾತ್ರೆಯಲ್ಲಿ ಒಂದೊಂದು ಅಂಗಡಿಯಲ್ಲೂ ನಿಂತು ಮಾಪು ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ಇದೇ ಮಾಪು, ನೀವು ನಿಂತಿರುವುದೇ ಮಾಪು ಎಂದು ಅಲ್ಲಿಯವರ ಉತ್ತರ. ಅವರು ತಮಾಷೆ ಮಾಡುತ್ತಿದ್ದಾರೆಂದು ಇವರಿಗೆ ಸಿಟ್ಟು. ಇವರು ತಮಾಷೆ ಮಾಡುತ್ತಿದ್ದಾರೆಂದು ಅವರಿಗೆ ನಗು. ಬರಿಗೈಯಲ್ಲಿ ಮನೆಗೆ ಬಂದು, ನಿಮ್ಮ ಊರಿನ ಮಾಪಿನ ಜಾತ್ರೆಯಲ್ಲಿ ಒಂದು ಮಾಪೂ ಇಲ್ಲ ಎಂದು ಮುದುಕಿಗೆ ದೂರು ಕೊಟ್ಟಾಗ, ಮುದುಕಿ ನಕ್ಕು ನಕ್ಕು ಕಣ್ಣೊರೆಸಿಕೊಂಡು ಕತೆ ಹೇಳಿತಂತೆ.

ಹಿಂದೆ ಅದು ಆಳುಗಳ ಜಾತ್ರೆಯಾಗಿತ್ತು. ಕೆಲಸ ಬೇಕಾದವರು ತಮ್ಮ ಕೆಲಸದ ಗುರುತು ಹಿಡಿದು ಆ ಬೀದಿಯಲ್ಲಿ ನಿಲ್ಲುತ್ತಿದ್ದರು. ಕುರಿ ಕಾಯುವವನು ಟೊಪ್ಪಿಗೆ ಒಂದು ಎಳೆ ಉಣ್ಣೆ ಸಿಕ್ಕಿಸಿಕೊಂಡು, ಗಾಡಿಯವನು ಚಾವಟಿಯ ದಾರ ಕಟ್ಟಿಕೊಂಡು, ಮನೆಗೆಲಸದ ಹೆಂಗಸು ಮಾಪು ಹಿಡಿದುಕೊಂಡು. ಕೆಲಸ ಕೊಡುವವರು ಬಂದು ಮಾತಾಡಿ ಒಂದು ವರ್ಷಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇಷ್ಟೇ ಆಗಿದ್ದರೆ ಬಾಯಮ್ಮ ಅದನ್ನು ಮರೆತುಬಿಡುತ್ತಿದ್ದರೇನೋ. ಆದರೆ ಮುದುಕಿ ಇನ್ನೊಂದು ವಿಷಯ ಹೇಳಿತು. ದೊಡ್ಡ ಜಾತ್ರೆಯಾಗಿ ಸ್ವಲ್ಪ ದಿನಕ್ಕೆ ಅದೇ ಬೀದಿಯಲ್ಲಿ ಒಂದು ಸಣ್ಣ ಜಾತ್ರೆ ಉಂಟು. ಅದು ಓಡಿ ಬಂದವರ ಜಾತ್ರೆ. ಹೋದ ಮನೆ ಸರಿಯಿಲ್ಲ, ಯಜಮಾನ ಸರಿಯಿಲ್ಲ, ಅಥವಾ ಯಾಕೋ ಮನಸ್ಸು ನಿಲ್ಲಲಿಲ್ಲ ಎನ್ನುವವರು ಅಲ್ಲಿಂದ ಹೊರಟು ಬಂದು ಈ ಜಾತ್ರೆಯಲ್ಲಿ ಮತ್ತೆ ನಿಂತು, ಬೇರೆ ಯಜಮಾನನನ್ನು ಹುಡುಕಿಕೊಳ್ಳಬಹುದಿತ್ತು.

ಕುವೈತಿನಲ್ಲಿ ಇದ್ದವರಿಗೆ ಈ ಮಾತು ಹೇಗೆ ಕೇಳುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಮ್ಮನ್ನು ತರಿಸಿಕೊಂಡವನು ಕಫೀಲ್. ಅವನು ಒಪ್ಪದೆ ಇನ್ನೊಂದು ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಹೇಳದೆ ಹೋದರೆ ಓಡಿಹೋದವಳು ಎಂದು ಕೇಸು. ಆ ಊರಿನಲ್ಲಿ ಓಡಿಹೋದವರಿಗೆಂದೇ ಬೀದಿ ಖಾಲಿ ಮಾಡಿ ಜಾತ್ರೆ ಇಟ್ಟಿದ್ದರು. ಬಾಯಮ್ಮ ಮೊದಲನೆಯದನ್ನು ದೊಡ್ಡ ಮಾಪು ಎಂದೂ ಎರಡನೆಯದನ್ನು ಚಿಕ್ಕ ಮಾಪು ಎಂದೂ ಹೆಸರಿಟ್ಟುಕೊಂಡರು. ಕ್ರಮೇಣ ನಮ್ಮ ಮನೆಯಲ್ಲೂ ಅದೇ ಮಾತಾಯಿತು. ಯಾರಿಗಾದರೂ ರಿಲೀಸ್, ಎಂದರೆ ಕಫೀಲನ ಬಿಡುಗಡೆ ಕಾಗದ, ಸಿಕ್ಕಿ ಬೇರೆ ಕಂಪನಿಗೆ ಹೋದರೆ, ಅವನಿಗೆ ಚಿಕ್ಕ ಮಾಪು ಆಯಿತಂತೆ ಎನ್ನುತ್ತಿದ್ದೆವು.

ಈಗ ಅಲ್ಲಿ ಆಳುಗಳನ್ನು ಹಿಡಿಯುವುದೆಲ್ಲ ಇಲ್ಲ, ಬರೀ ತೊಟ್ಟಿಲು, ತಿಂಡಿ. ಅದು ಬಾಯಮ್ಮನಿಗೂ ಗೊತ್ತಿತ್ತು. ಆದರೂ ಕೊನೆಯ ಸಲ ಹೋದಾಗ ಚಿಕ್ಕ ಮಾಪಿನ ದಿನ ಅವರು ಮುದುಕಿಯ ಅಡುಗೆಮನೆಯಿಂದ ಒಂದು ಮರದ ಸೌಟು ತೆಗೆದುಕೊಂಡು ಹೋಗಿ, ಬೀದಿಯ ನಡುವಿನ ಹಳೆಯ ಕಟ್ಟಡದ ಮೆಟ್ಟಿಲ ಬಳಿ ನಿಂತರು. ಇಂಜಿನಿಯರರ ಮನೆಯವರ ಮೇಲೆ ಸಿಟ್ಟೇನೂ ಇರಲಿಲ್ಲ. ನಿಂತರೆ ಹೇಗಿರುತ್ತದೆ ನೋಡುವ ಎಂದಷ್ಟೇ. ಜಿನುಗು ಮಳೆ. ಹೋಗುವವರು ಬರುವವರು ಇದೇನೋ ವೇಷ ಎಂದುಕೊಂಡು ಮುಗುಳುನಕ್ಕು ಹೋದರು, ಒಬ್ಬಿಬ್ಬರು ಫೋಟೋ ತೆಗೆದರು. ಕೊನೆಗೆ ಬರ್ಗರ್ ಗಾಡಿಯವನೊಬ್ಬ ಕೈ ಒರೆಸಿಕೊಳ್ಳುತ್ತ ಬಂದು, ನಿಜವಾಗಿ, ಕೆಲಸ ಹುಡುಕುತ್ತಿದ್ದೀಯಾ ಎಂದು ಕೇಳಿದ. ಅವನಿಗೆ ನೀರುಳ್ಳಿ ಹೆಚ್ಚಲಿಕ್ಕೆ ಜನ ಬೇಕಿತ್ತು.

ಇಲ್ಲಿಗೆ ಬಂದಾಗಲೆಲ್ಲ ಬಾಯಮ್ಮನ ದನಿ ಇಳಿಯುತ್ತಿತ್ತು. "ಲವ್ ಅಂತ ಕರೆದ ನನ್ನನ್ನು. ಅಲ್ಲಿ ಎಲ್ಲರಿಗೂ ಹಾಗೇ ಕರೆಯುವುದು, ನೀನು ನಗ್ಬೇಡ. ಎಷ್ಟು ಸಂಬಳ ಬೇಕು ಅಂತಲೂ ಕೇಳಿದ. ನನಗೆ ಗಾಬರಿ ಆಯ್ತು. ನಾನು ನೋಡ್ಲಿಕ್ಕೆ ಮಾತ್ರ ಬಂದದ್ದು ಸರ್ ಅಂದುಬಿಟ್ಟೆ. ಜೀವನದಲ್ಲಿ ಒಮ್ಮೆ, ಒಂದೇ ಒಮ್ಮೆ, ಬೀದಿಯಲ್ಲಿ ನಿಲ್ಲಿಸಿ ನನ್ನ ಹತ್ತಿರ ಕೇಳಿದ್ದಾರೆ ಪುತಾ. ನೋಡ್ಲಿಕ್ಕೆ ಮಾತ್ರ ಅಂದೆ."

ನನ್ನ ದೊಡ್ಡ ಮಗಳು ಒಂದು ಶುಕ್ರವಾರ ಫೋನಿನಲ್ಲಿ ಆ ಜಾತ್ರೆಯ ವಿಡಿಯೋ ಹುಡುಕಿ ತೆಗೆದಳು. ಬಾಯಮ್ಮನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಈಸ್ ದಿಸ್ ದ ಒನ್, ಬಾಯಮ್ಮ?" ಬಾಯಮ್ಮ ಕನ್ನಡಕ ಹಾಕಿ ನೋಡಿದರು. ಬೀದಿ ಅದೇ, ಬ್ಯಾಂಕು ಅದೇ, ತೊಟ್ಟಿಲುಗಳು ಮಾತ್ರ ಹೊಸವು. ಒಂದು ಬರ್ಗರ್ ಗಾಡಿ ಬಂದ ಕೂಡಲೇ ನಿಲ್ಲಿಸು ನಿಲ್ಲಿಸು ಎಂದರು. ಮುಖ ಬಗ್ಗಿಸಿ ಬಹಳ ಹೊತ್ತು ನೋಡಿ, ಅವನಲ್ಲ, ಎಂದು ಫೋನು ವಾಪಸು ಕೊಟ್ಟರು.

ಮುಂದೆ ಆ ಇಂಜಿನಿಯರರು ಕುವೈತು ಬಿಟ್ಟು ಹೋದರು. ಹೋಗುವಾಗ ಬಾಯಮ್ಮನನ್ನು ಒಂದು ಒಳ್ಳೆಯ ಕುವೈತಿ ಮನೆಗೆ ಸೇರಿಸಿಯೇ ಹೋದರು. ಬಾಯಮ್ಮ ಅದನ್ನು ಹೇಳುತ್ತಿದ್ದ ಬಗೆಯೇ ಬೇರೆ. "ಸೋಫಾ ಒಂದು ಮನೆಗೆ, ವಾಷಿಂಗ್ ಮಷೀನ್ ಒಂದು ಮನೆಗೆ, ನಾನು ಒಂದು ಮನೆಗೆ."

ಹೊಸ ಮನೆಯ ಯಜಮಾನರನ್ನು ಬಾಯಮ್ಮ ಬಾಬಾ ಎನ್ನುತ್ತಿದ್ದರು, ಇಲ್ಲಿ ಮನೆಗೆಲಸದವರೆಲ್ಲ ಹಾಗೆಯೇ ಕರೆಯುವುದು. ಬಾಬಾ ಒಳ್ಳೆಯವರು. ಇದನ್ನು ಬರೆಯುವಾಗಲೂ ನನಗೆ ಕಿರಿಕಿರಿಯಾಗುವುದು ಅದಕ್ಕೇ. ಸಂಬಳ ತಡವಾದದ್ದಿಲ್ಲ, ಒಂದು ಮಾತು ಗಟ್ಟಿಯಾಗಿ ಆಡಿದ್ದಿಲ್ಲ, ಶುಕ್ರವಾರದ ರಜೆ ತಪ್ಪಿದ್ದಿಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರ ಮನೆಯಲ್ಲಿ ಒಬ್ಬರು ವಯಸ್ಸಾದ ತಾಯಿ. ಆ ಅಜ್ಜಿ ಬಾಯಮ್ಮನ ಕೈಯಿಂದ ಮಾತ್ರ ಊಟ ಮಾಡುತ್ತಿದ್ದರು, ಬೇರೆ ಯಾರು ತುತ್ತು ಕೊಟ್ಟರೂ ಬಾಯಿ ಬಿಗಿಹಿಡಿಯುತ್ತಿದ್ದರು.

ಒಂದು ಬೇಸಗೆಯಲ್ಲಿ ಸರ್ಕಾರ ಸ್ವಲ್ಪ ಕಾಲ ಬಾಗಿಲು ತೆರೆಯಿತು. ಮನೆಗೆಲಸದ ವೀಸಾದಲ್ಲಿ ಇರುವವರು ಕಂಪನಿ ವೀಸಾಕ್ಕೆ ದಾಟಬಹುದು, ಆದರೆ ಕಫೀಲ್ ಒಪ್ಪಬೇಕು. ಸುದ್ದಿ ಬಂದ ಶುಕ್ರವಾರ ಬಾಯಮ್ಮ ಇಗರ್ಜಿಯಿಂದ ಬಂದವರು ಅಡುಗೆಮನೆಗೆ ಹೋಗಲಿಲ್ಲ. ನೇರ ನನ್ನ ಮುಂದೆ ಕೂತು, "ಚಿಕ್ಕ ಮಾಪು ಬಂತಂತಲ್ಲ ಪುತಾ?" ಎಂದರು.

ಅವರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು. ಕಾಕನಿಗೆ ಬಹಳ ದಿನದಿಂದ ಆಸೆ, ಹೋಟೆಲಿನಲ್ಲಿ ನಮ್ಮೂರಿನ ಅಡುಗೆ ಶುರು ಮಾಡಬೇಕು, ನೀರುದೋಸೆ, ಮೀನು ಗಸಿ, ಕೋರಿ ರೊಟ್ಟಿ. ಅದಕ್ಕೆ ತಕ್ಕ ಕೈ ಇರುವವರು ಸಿಕ್ಕಿರಲಿಲ್ಲ. ಬಾಯಮ್ಮ ಬರುವುದಾದರೆ ನಾಳೆಯೇ ವೀಸಾಕ್ಕೆ ಹಾಕುತ್ತೇನೆ ಎಂದು ಕಾಕ ಅವತ್ತೇ ಎದೆ ಮುಟ್ಟಿ ಹೇಳಿದರು. ಮರುವಾರ ದೊಡ್ಡ ಗ್ರೈಂಡರ್ ಬಂತು. ಬಾಯಮ್ಮ ಅದನ್ನು ತಟ್ಟಿ ನೋಡಿ, ಮುಚ್ಚಳ ತೆಗೆದು ಮೂಗು ಇಟ್ಟು, ಸರಿ ಉಂಟು, ಆದರೆ ಇಡಬೇಕಾದದ್ದು ಆ ಮೂಲೆಯಲ್ಲಿ ಎಂದು ಅದನ್ನು ಅಲ್ಲಿಂದ ಇಲ್ಲಿಗೆ ಎಳೆಸಿದರು. ಕಾಕ ಮರುಮಾತಿಲ್ಲದೆ ಎಳೆದರು. ಅವರು ಆ ಅಡುಗೆಮನೆಯಲ್ಲಿ ಮೊಣಕೈ ಚಾಚಿ ನಿಂತದ್ದನ್ನು ನೋಡಿ ನನಗೂ ಎಲ್ಲ ಆಗಿಯೇ ಹೋಯಿತು ಅನ್ನಿಸಿತು.

ಬಾಬಾ ಬೇಡ ಅನ್ನಲಿಲ್ಲ. ಬುಕ್ರಾ ಎಂದರು. ನಾಳೆ. ಇನ್ಶಾ ಅಲ್ಲಾ ನಾಳೆ ಮಾಡೋಣ. ಆ ನಾಳೆ ಬಂದಾಗ ಮರುದಿನಕ್ಕೊಂದು ನಾಳೆ. ಒಂದು ವಾರ ತಾಯಿಗೆ ಜ್ವರ, ಒಂದು ವಾರ ಮನೆಯಲ್ಲಿ ಮದುವೆ, ಒಂದು ವಾರ ಅವರೇ ಊರಲ್ಲಿಲ್ಲ. ಬಾಯಮ್ಮ ಕೇಳುವುದು ಬಿಡಲಿಲ್ಲ, ಅವರು ನಗುವುದು ಬಿಡಲಿಲ್ಲ. ಪ್ರತಿ ಶುಕ್ರವಾರ ಏನಾಯಿತು ಎಂದು ಕಾಕ ಮೆಟ್ಟಿಲ ತನಕ ಬಂದು ಕೇಳುವುದು, ಬಾಯಮ್ಮ ಕೈ ತಿರುಗಿಸಿ ತೋರಿಸುವುದು. ಬಾಗಿಲು ತೆರೆದ ಹಾಗೆಯೇ ಮುಚ್ಚುವ ದಿನವೂ ಗೊತ್ತಿತ್ತಲ್ಲ, ನಾವೆಲ್ಲ ದಿನ ಎಣಿಸುತ್ತಿದ್ದೆವು.

ಕೊನೆಗೆ ನಾನೇ ಹೋದೆ. ಆಫೀಸಿನ ಕೆಲಸಕ್ಕಾಗಿ ಕಲಿತ ಅರಬ್ಬಿ ಅಷ್ಟಿಷ್ಟು ಬರುತ್ತದೆ. ಬಾಬಾ ತಮ್ಮ ದಿವಾನಿಯಾದಲ್ಲಿ, ಎಂದರೆ ಗಂಡಸರು ಸಂಜೆ ಕೂತು ಮಾತಾಡುವ ಹೊರಕೋಣೆಯಲ್ಲಿ, ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿದರು. ಕಾವಾ ಎನ್ನುವ ಅರಬ್ಬಿ ಕಾಫಿ ಬಂತು, ಖರ್ಜೂರ ಬಂತು, ಚಾ ಬಂತು. ನನ್ನ ಊರು, ಮಕ್ಕಳು, ತಂದೆತಾಯಿಯ ಆರೋಗ್ಯ ಎಲ್ಲ ವಿಚಾರಿಸಿದರು. ನಾನು ವಿಷಯಕ್ಕೆ ಬಂದಾಗ ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ, ನೋವು. ಆಕೆಗೆ ಇಲ್ಲಿ ಏನು ಕಡಿಮೆಯಾಗಿದೆ, ನೀವೇ ಹೇಳಿ, ಎಂದರು. ಏನೂ ಕಡಿಮೆಯಿಲ್ಲ ಎಂದೆ, ಅದು ನಿಜವೂ ಆಗಿತ್ತು. ಆಕೆ ಕೆಲಸದವಳಲ್ಲ, ನಮ್ಮ ಮನೆಯವಳೇ, ಎಂದರು. ಗೋಡೆಯಾದರೆ ಗುದ್ದಬಹುದು, ಇದು ಹತ್ತಿಯ ಹಾಸಿಗೆ, ಎಷ್ಟು ಗುದ್ದಿದರೂ ಕೈ ಒಳಗೆ ಹೋಗುತ್ತದೆ ಅಷ್ಟೇ.

ಆಮೇಲೆ ಅವರೇ ಬಾಯಮ್ಮನನ್ನು ಕರೆಸಿದರು. ಬಾಯಮ್ಮ ಬಾಗಿಲ ಬಳಿ ನಿಂತರು, ಕೈಯಲ್ಲಿ ಅಜ್ಜಿಯ ಗಂಜಿ ಬಟ್ಟಲು. ನಿನ್ನ ಊರಿನವರ ಎದುರಿಗೇ ಕೇಳುತ್ತಿದ್ದೇನೆ, ಏನು ಬೇಕು ಹೇಳು ಎಂದರು ಬಾಬಾ. ಸಂಬಳ ಜಾಸ್ತಿ ಬೇಕೋ, ಬೇರೆ ಕೋಣೆ ಬೇಕೋ, ಊರಿಗೆ ಹೋಗಲಿಕ್ಕೆ ರಜೆ ಬೇಕೋ.

ಬಾಯಮ್ಮ ಒಂದೇ ಮಾತು ಹೇಳಿದರು. "ರಿಲೀಸ್, ಬಾಬಾ."

ಬಾಬಾ ನಕ್ಕರು. ಪ್ರೀತಿಯಿಂದಲೇ ನಕ್ಕರು. ಅದೊಂದು ಬಿಟ್ಟು ಕೇಳು ಎಂದರು.

ಹೊರಗೆ ಬಂದು ಕಾರಿನ ಬಳಿ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಕಸದ ಚೀಲ ಹಾಕುವ ನೆವದಲ್ಲಿ ಬಾಯಮ್ಮ ಗೇಟಿನ ತನಕ ಬಂದರು. "ಮನೆಯವಳಂತೆ. ಅವರ ಮಗಳು ಹೊರಗೆ ಹೋಗ್ಬೇಕಾದ್ರೆ ಕಾರಿನ ಕೀ ತಗೊಳ್ತಾಳೆ ಪುತಾ. ನಾನು ಹೋಗ್ಬೇಕಾದ್ರೆ ಊರಿಂದ ಗಂಡಸು ಬಂದು ಚಾ ಕುಡೀಬೇಕು." ಅಷ್ಟು ಹೇಳಿ, ಅಜ್ಜಿಗೆ ಗಂಜಿ ಆರುತ್ತದೆಂದು ಒಳಗೆ ಹೋದರು.

ಬಾಗಿಲು ಮುಚ್ಚಿತು. ಸರ್ಕಾರದ ಬಾಗಿಲು. ಕಾಕ ಇನ್ನೂ ಸ್ವಲ್ಪ ದಿನ ಕಾದರು, ಆಮೇಲೆ ಬೇರೆ ಒಬ್ಬ ಅಡುಗೆಯವನನ್ನು ಇಟ್ಟುಕೊಂಡರು. ಅವರನ್ನು ಎಂತ ಹೇಳುವುದು, ಹೋಟೆಲು ನಡೆಯಬೇಕಲ್ಲ. ಬಾಯಮ್ಮ ಆ ಮೇಲಿನ ಶುಕ್ರವಾರಗಳಲ್ಲಿ ಹೋಟೆಲಿನ ಬಾಗಿಲು ದಾಟುವಾಗ ಒಳಗೆ ನೋಡುತ್ತಿರಲಿಲ್ಲ. ಒಮ್ಮೆ ಮಾತ್ರ, ಗ್ರೈಂಡರಿನ ಸದ್ದು ಕೇಳಿ, ಅಕ್ಕಿ ಸಾಕಷ್ಟು ನೆನೆದಿಲ್ಲ ಎಂದರು.

ಅದೇ ಹೊತ್ತಿಗೆ ನಮಗೆ ಎರಡನೆಯ ಮಗುವಾಯಿತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಮಗುವನ್ನು ನೋಡಿಕೊಳ್ಳಲಿಕ್ಕೆ ಕಡಪ ಕಡೆಯ ಒಬ್ಬ ಹೆಂಗಸನ್ನು ನನ್ನ ಹೆಸರಿನಲ್ಲಿ ವೀಸಾ ಮಾಡಿಸಿ ತರಿಸಿಕೊಂಡೆವು. ಮಕ್ಕಳು ಅಕ್ಕ ಎಂದರು, ನಾವೂ ಅಕ್ಕ ಎಂದೆವು. ಆ ವಾರ ಬಂದ ಬಾಯಮ್ಮ ಸೋಫಾದಲ್ಲಿ ಕೂತು, ಅಕ್ಕ ತಂದ ಚಾ ತೆಗೆದುಕೊಂಡು, ಅವಳು ಒಳಗೆ ಹೋಗುವ ತನಕ ಕಾದು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈಗ ನೀನೂ ಬಾಬಾ ಆದೆ."

ನನಗೆ ಉರಿದುಹೋಯಿತು. ನಾವು ಹಾಗಲ್ಲ ಬಾಯಮ್ಮ, ನಾವು ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದೆ. ಬಾಬಾ ಕೂಡ ಚೆನ್ನಾಗಿಯೇ ನೋಡಿಕೊಳ್ಳುವುದು ಎಂದರು. ಹಾಗಾದರೆ ನಾವು ಏನು ಮಾಡಬೇಕು, ಅದನ್ನಾದರೂ ಹೇಳಿ ಎಂದಳು ನನ್ನ ಹೆಂಡತಿ. ಬಾಯಮ್ಮ ಆ ಪ್ರಶ್ನೆಗೇ ಕಾದು ಕೂತಿದ್ದವರ ಹಾಗೆ ಹೇಳಿದರು. ವರ್ಷಕ್ಕೊಂದು ದಿನ ಅವಳ ಹತ್ತಿರ ಕೇಳಬೇಕು, ಇರ್ತೀಯೋ ಹೋಗ್ತೀಯೋ ಅಂತ. ಕೇಳುವ ಮೊದಲೇ ಒಪ್ಪಿಗೆ ಬರೆದು ಸಹಿ ಹಾಕಿ ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಮತ್ತೆ ಮುಖ್ಯವಾಗಿ, ಮನೆಯೊಳಗೆ ಕೇಳಬಾರದು. "ಮನೆಯಲ್ಲಿ ಅವಳ ಕೈಯಲ್ಲಿ ಬಟ್ಟಲು ಇರ್ತದೆ, ಸೊಂಟದಲ್ಲಿ ಮಗು ಇರ್ತದೆ. ಏನು ಹೇಳ್ತಾಳೆ ಪಾಪ? ಇರ್ತೇನೆ ಅಂತಾಳೆ. ಬೀದಿಗೆ ಕರ್ಕೊಂಡು ಹೋಗಿ, ಕೈ ಖಾಲಿ ಇರುವಾಗ ಕೇಳು."

ಅಕ್ಟೋಬರಿನಲ್ಲಿ ಸೆಖೆ ಸ್ವಲ್ಪ ಇಳಿದ ಮೇಲೆ ಒಂದು ಶುಕ್ರವಾರ ಸಂಜೆ ನಾವೆಲ್ಲ ಕೆಳಗೆ ಇಳಿದೆವು. 'ಎಲ್ಲ' ಎಂದರೆ ಬಾಯಮ್ಮನೂ. ಕ್ಷೌರದ ಅಂಗಡಿಗೂ ಬಕಾಲಕ್ಕೂ, ನಮ್ಮ ಕಿರಾಣಿ ಅಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ, ನಡುವೆ ಅಕ್ಕನನ್ನು ನಿಲ್ಲಿಸಿದೆವು. ಮಗುವನ್ನು ಬಾಯಮ್ಮ ತಾವೇ ಎತ್ತಿಕೊಂಡರು. ನಾನು ಗಂಟಲು ಸರಿಮಾಡಿಕೊಂಡು, ನೀನು ನಮ್ಮಲ್ಲಿ ಇರುತ್ತೀಯಾ, ಬೇರೆ ಕಡೆ ಹೋಗುತ್ತೀಯಾ ಎಂದು ಕೇಳಿದೆ. ಅಕ್ಕ ನನ್ನ ಮುಖ ನೋಡಿದಳು, ನನ್ನ ಹೆಂಡತಿಯ ಮುಖ ನೋಡಿದಳು, ಅಲ್ಲೇ ಬೀದಿಯಲ್ಲಿ ಗೊಳೋ ಎಂದು ಅತ್ತುಬಿಟ್ಟಳು. ಏನು ತಪ್ಪು ಮಾಡಿದೆ ಸಾರ್, ಯಾಕೆ ತೆಗೆಯುತ್ತೀರಿ ಎಂದು. ಕ್ಷೌರದವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಬಕಾಲದವನು, ಕ್ಯಾ ಹುವಾ ಭಾಯಿ, ಎಂದ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಬಾಯಮ್ಮ ಅಕ್ಕನನ್ನು ಬಿಟ್ಟು ನನ್ನನ್ನು ಬೈದರು. ಕೆಲಸದಿಂದ ತೆಗೆಯುವವರ ಮುಖ ಮಾಡಿಕೊಂಡು ಕೇಳಿದರೆ ಯಾರು ಅಳುವುದಿಲ್ಲ, ನಗ್ತಾ ಕೇಳು, ಇನ್ನೊಮ್ಮೆ ಕೇಳು ಎಂದರು. ನಾನು ಹಲ್ಲು ಕಿರಿದು ಇನ್ನೊಮ್ಮೆ ಕೇಳಿದೆ. ಜೇಬಿನ ಕಾಗದ ತೆಗೆದು ತೋರಿಸಿದೆ. ಅದು ಏನೆಂದು ಅಕ್ಕನಿಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆ ಕಡೆ ಈ ಕಡೆ ಬೀದಿ ನೋಡಿದಳು. ನನ್ನ ಹೆಂಡತಿ ನನ್ನ ತೋಳು ಹಿಡಿದಿದ್ದಳು. ಇರ್ತೇನೆ ಎಂದಳು ಅಕ್ಕ. ಬಾಯಮ್ಮ ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದರು. ಅಂಥ ಸಂತೋಷವನ್ನು ನಾನು ಅವರ ಮುಖದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ.

ಅವರ ಸ್ವಂತ ಬಿಡುಗಡೆ ಬಂದದ್ದು ಹೀಗೆ. ಬಾಬಾನ ತಾಯಿ ತೀರಿಕೊಂಡರು. ದುಃಖದ ದಿನಗಳು ಮುಗಿದ ಮೇಲೆ ಬಾಬಾ ಬಾಯಮ್ಮನನ್ನು ಕರೆದು, ಖಲಾಸ್, ಇನ್ನು ನೀನು ದುಡಿದದ್ದು ಸಾಕು, ಊರಿಗೆ ಹೋಗಿ ಸುಖವಾಗಿರು ಎಂದರು. ಬೇಡಿದಾಗ ಸಿಗದ ಸಹಿ ಬೇಡದೆ ಬಂತು. ಅವರಿಗೆ ಬೇಕಾಗಿದ್ದುದು ಊರಲ್ಲ, ಇನ್ನೊಂದು ಅಡುಗೆಮನೆ, ಎಂದು ಯಾರು ಯಾರಿಗೆ ಹೇಳುವುದು. ವೀಸಾ ರದ್ದಾಯಿತು. ಕೈಗೊಂದು ಚಿನ್ನದ ಬಳೆ, ಟಿಕೇಟು, ಎರಡು ಸೂಟ್‌ಕೇಸು ತುಂಬ ಸಾಮಾನು. ಬಾಬಾ ತಾವೇ ಕಾರು ನಡೆಸಿಕೊಂಡು ವಿಮಾನ ನಿಲ್ದಾಣಕ್ಕೆ ಬಂದರು. ಅಲ್ಲಿ ಅವರು ಅತ್ತದ್ದನ್ನು ನಾನೇ ನೋಡಿದ್ದೇನೆ. ಬಾಯಮ್ಮ ಅವರನ್ನು ಸಮಾಧಾನ ಮಾಡಿದರು. ಆಮೇಲೆ ನಮ್ಮ ಕಡೆ ಬಂದು, ನನ್ನ ಹೆಂಡತಿಯ ತಲೆ ಮುಟ್ಟಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಇದು ಚಿಕ್ಕ ಮಾಪು ಅಲ್ಲ ಪುತಾ. ಇದು ಜಾತ್ರೆ ಮುಗಿದ ಮೇಲೆ ಬೀದಿ ಗುಡಿಸುವುದು."

ಊರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಇಗರ್ಜಿಯ ಎದುರು ಒಂದು ಸಣ್ಣ ಚಾ ಅಂಗಡಿ ಹಾಕುವ ಯೋಚನೆ ಇತ್ತು, ಜಾಗ ನೋಡಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದರು. ಅದೂ ಆಗಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದು ತಂಗಿಯ ಮಗಳು ವಾಟ್ಸಾಪಿನಲ್ಲಿ ತಿಳಿಸಿದಳು. ನಾನು ಆಫೀಸಿನಲ್ಲಿದ್ದೆ. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು ಬಂತು, ಆ ದಿನವಿಡೀ ಎದುರಿಗೆ ಸಿಕ್ಕವರ ಮೇಲೆಲ್ಲ ಹರಿಹಾಯ್ದೆ.

ಈ ಅಕ್ಟೋಬರಿನಲ್ಲೂ ನಾವು ಕೆಳಗೆ ಇಳಿದೆವು. ಈಗ ಕ್ಷೌರದವನಿಗೂ ಬಕಾಲದವನಿಗೂ ಅಭ್ಯಾಸವಾಗಿದೆ. ಮಗ ಈಗ ತಾನಾಗಿಯೇ ನಡೆಯುತ್ತಾನೆ, ಅಕ್ಕನ ಕೈ ಬಿಡಿಸಿ ನನ್ನ ಕೈ ಹಿಡಿಸಿದೆವು. ನಗುತ್ತಲೇ ಕೇಳಿದೆ. ಅಕ್ಕ ಕೂಡ ನಗುತ್ತಲೇ ಹೇಳಿದಳು. ಹೋಗ್ತೇನೆ ಸಾರ್. ಮೈದಾನ್ ಹವಲ್ಲಿ ಬಡಾವಣೆಯಲ್ಲಿ ತನ್ನ ತಂಗಿ ಕೆಲಸಕ್ಕಿರುವ ಕಟ್ಟಡದಲ್ಲೇ ಇನ್ನೊಂದು ಮನೆಯವರು ಕರೆಯುತ್ತಿದ್ದಾರೆ, ಅಕ್ಕತಂಗಿ ಒಂದೇ ಕಡೆ ಇರಬಹುದು.

ಒಂದು ಕ್ಷಣ ನನ್ನ ಬಾಯಿಗೆ ಏನೇನೆಲ್ಲ ಬಂತು. ಸಂಬಳ ಜಾಸ್ತಿ ಮಾಡುವ ಎಂದು ಬಂತು, ಮಗು ನಿನ್ನನ್ನು ಬಿಟ್ಟು ಹೇಗಿರುತ್ತದೆ ಎಂದು ಬಂತು, ನೀನು ನಮ್ಮ ಮನೆಯವಳಲ್ಲವೇ ಎಂದೂ ಬಂತು. ಬೀದಿಯಾದ್ದರಿಂದ ನುಂಗಿಕೊಂಡೆ. ಜೇಬಿನಿಂದ ಕಾಗದ ತೆಗೆದು ಕೊಟ್ಟೆ.

ಈಗ ಮನೆ ನೋಡಬೇಕು ನೀವು. ಮಗ ಯಾರ ಕೈಯಿಂದಲೂ ಸರಿಯಾಗಿ ಉಣ್ಣುವುದಿಲ್ಲ. ಹೆಂಡತಿಗೆ ಬೆಳಗಿನ ಪಾಳಿ, ದೊಡ್ಡವಳಿಗೆ ಶಾಲೆಯ ಬಸ್ಸು, ನೀರುದೋಸೆ ಹೊಯ್ಯುವುದು ನನ್ನ ಪಾಲಿಗೆ. ನಿನ್ನೆ ಮೂರನೆಯ ದೋಸೆಯೂ ಕಾವಲಿಗೆ ಅಂಟಿದಾಗ ನಾನು ಸಟ್ಟುಗ ಸಿಂಕಿಗೆ ಎಸೆದು, ಎಲ್ಲ ಆ ಬಾಯಮ್ಮನಿಂದ, ಅವರು ಹೋಗುವಾಗ ಸುಮ್ಮನೆ ಹೋಗಬಾರದಿತ್ತೇ ಎಂದು ಬಾಯಿಗೆ ಬಂದ ಹಾಗೆ ಬೈದೆ. ನನ್ನ ಹೆಂಡತಿ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ ಬಂದು ಒಲೆ ಸಣ್ಣ ಮಾಡಿದಳು.

"ಬೈಯಿರಿ, ಇನ್ನೂ ಸ್ವಲ್ಪ ಬೈಯಿರಿ," ಎಂದಳು. "ಅವರಿಗೆ ಖುಷಿಯಾಗ್ತದೆ."